ಸಂಗೀತಗಾರನ ಕಾಯಿಲೆಯೂ ಸ್ನೇಹಿತರ ಹಣವೂ

ಅರಮನೆಯ ಊಳಿಗದಲ್ಲಿದ್ದ ವಿದ್ವಾಂಸನು ಕಾಯಿಲೆ ಬಿದ್ದರೆ ಅವನ ತಿಂಗಳ ಸಂಬಳವು ಆ ಕಾರಣದಿಂದ ನಿಲ್ಲುತ್ತಿರಲಿಲ್ಲ. ಕಚೇರಿಯ ಗುಮಾಸ್ತನಿಗೆ ರಜಾ ಉಂಟು. ವಯಸ್ಸು ಮೀರಿದ ಮೇಲೆ ವಿಶ್ರಾಂತಿ ವೇತನವೂ ಉಂಟು. ತನ್ನ ವಿದ್ಯೆಯೊಂದನ್ನೇ ನೆಚ್ಚಿ, ಇಂದು ಬರೆದುದನ್ನು ನಾಳೆ ಮಾರಿ ಬದುಕುವ ಕಲಾವಿದನ ಪಾಡು ಹಾಗಲ್ಲ. ವೈದ್ಯನು ಅವನ ಮನೆಯ ಮೆಟ್ಟಿಲು ಹತ್ತಿದ ದಿನವೇ ಸಂಪಾದನೆಯು ಅದೇ ಮೆಟ್ಟಿಲಿಳಿದು ಹೊರಟುಹೋಗುತ್ತದೆ. ವೆಚ್ಚ ಏರುವುದೂ ವರಮಾನ ನಿಲ್ಲುವುದೂ ಒಂದೇ ಗಳಿಗೆಯಲ್ಲಿ. ಇದರ ಮೇಲೆ ಇನ್ನೊಂದು ತೊಡಕು. ಇಂಥವನು ಸಾಮಾನ್ಯವಾಗಿ ಮಾನಧನ. ಹಸಿವನ್ನು ತಾಳಿಯಾನು, ದಾನವನ್ನು ತಾಳಲಾರ. ಹಾಗಾದರೆ ಅವನಿಗೆ ಔಷಧದ ಹಣವನ್ನು ಯಾರು ಕೊಡಬೇಕು, ಯಾವ ಹೆಸರಿನಲ್ಲಿ ಕೊಡಬೇಕು? ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಕೆಲವು ಉತ್ತರಗಳು ದೊರೆಯುತ್ತವೆ. ಅವುಗಳಲ್ಲೊಂದು ನಮ್ಮ ಮೈಸೂರಿನ ಅರಮನೆಯಿಂದಲೇ ಹೊರಟದ್ದು. ಅದು ಕಾಲಕ್ರಮದಲ್ಲಿ ಕೊನೆಯದಾದುದರಿಂದ ಅದನ್ನು ಕೊನೆಗೇ ಹೇಳುತ್ತೇವೆ.

ಲಂಡನ್ನಿನ ಹೇಮಾರ್ಕೆಟ್ ಬೀದಿಯಲ್ಲಿ ಆರೆಂಜ್ ಎಂಬ ಹೆಸರಿನ ಕಾಫಿ ಅಂಗಡಿಯೊಂದಿತ್ತು. ೧೭೩೮ರ ಸುಮಾರಿನಲ್ಲಿ ಒಂದು ದಿನ ಅದರ ಬಾಗಿಲಲ್ಲಿ ನಿಂತಿದ್ದ ಕೆಲವು ಮಂದಿ ಸಂಗೀತಗಾರರು, ಬೀದಿಯಲ್ಲಿ ಕತ್ತೆಗಳನ್ನು ಅಟ್ಟಿಕೊಂಡು ಹೋಗುತ್ತಿದ್ದ ಇಬ್ಬರು ಹುಡುಗರನ್ನು ಕಂಡರು. ಆ ಕಾಲದ ಲಂಡನ್ನಿನಲ್ಲಿ ಕತ್ತೆಯ ಹಾಲು ರೋಗಿಗಳಿಗೆ ಪಥ್ಯ. ಮನೆಮನೆಗೂ ಅದನ್ನು ಕರೆದು ಮಾರುತ್ತಿದ್ದರು. ವಿಚಾರಿಸಲಾಗಿ ಆ ಹುಡುಗರು ಕಿಚ್ ಎಂಬಾತನ ಮಕ್ಕಳೆಂದು ತಿಳಿದುಬಂತು. ಕಿಚ್ ಎಂಬಾತನು ಓಬೋ ನುಡಿಸುವುದರಲ್ಲಿ ಹೆಸರಾದವನು. ಓಬೋ ನಮ್ಮ ನಾಗಸ್ವರದ ಜಾತಿಗೆ ಸೇರಿದ ಊದುವ ವಾದ್ಯ. ಶ್ರೀಮಂತರ ಮನೆಗಳಲ್ಲಿ ನುಡಿಸಿ ಚೆನ್ನಾಗಿ ಸಂಪಾದಿಸಿದ್ದ ಆತನು ಕಡೆಗೆ ನಿರ್ಗತಿಕನಾಗಿ ಸತ್ತಿದ್ದನು. ಇತರರ ತಂದೆಯರಿಗೆ ಪಥ್ಯದ ಹಾಲನ್ನು ಒಯ್ಯುತ್ತಿದ್ದ ಆ ಮಕ್ಕಳನ್ನು ನೋಡಿ ಮರುಗಿದ ಗೆಳೆಯರು ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ತಮ್ಮಲ್ಲಿ ಚಂದಾ ಎತ್ತಿ, ಕಷ್ಟಕ್ಕೆ ಸಿಕ್ಕಿದ ಸಂಗೀತಗಾರರಿಗೂ ಅವರ ಸಂಸಾರಕ್ಕೂ ನೆರವಾಗಲು ನಿಧಿಯೊಂದನ್ನು ಕಟ್ಟಿದರು. ಮಹಾಸಂಗೀತಗಾರ ಹ್ಯಾಂಡೆಲ್ ಅದರ ಮೊದಲ ಸದಸ್ಯರಲ್ಲಿ ಒಬ್ಬ. ಅದಕ್ಕಾಗಿ ಕಚೇರಿಗಳನ್ನು ನಡೆಸಿಕೊಟ್ಟು, ೧೭೫೯ರಲ್ಲಿ ತೀರಿಕೊಂಡಾಗ ಸಾವಿರ ಪೌಂಡುಗಳನ್ನು ಆ ನಿಧಿಗೆ ಬರೆದಿಟ್ಟನು. ಅದೇ ಮುಂದೆ ಸಂಗೀತಗಾರರ ರಾಯಲ್ ಸೊಸೈಟಿ ಎಂದು ಪ್ರಖ್ಯಾತವಾಯಿತು.

ಈ ಏರ್ಪಾಟಿನ ಗುಣವನ್ನು ಗಮನಿಸಬೇಕು. ಇಲ್ಲಿ ಕೊಡುವವನೂ ಪಡೆಯುವವನೂ ಒಂದೇ ಕಸಬಿನವರು. ಇಂದು ಚಂದಾ ತೆತ್ತವನು ನಾಳೆ ಹಾಸಿಗೆ ಹಿಡಿದರೆ, ಅವನು ಪಡೆಯುವುದು ತನ್ನ ಹಣದ ಪಾಲನ್ನೇ ಹೊರತು ಭಿಕ್ಷವನ್ನಲ್ಲ. ಆದರೆ ಚಂದಾ ತೆರದವನ ಗತಿಯೇನು? ದೂರದ ಊರಿನಲ್ಲಿ, ಯಾವ ಸಂಘಕ್ಕೂ ಸೇರದೆ ಒಂಟಿಯಾಗಿ ನರಳುವವನಿಗೆ ನೆರವಾಗುವುದು ಹೇಗೆ? ಈ ತೊಡಕು ತೊಂಬತ್ತು ವರ್ಷಗಳ ತರುವಾಯ ಅದೇ ಲಂಡನ್ನಿನ ಇನ್ನೊಂದು ಸಂಘದ ಎದುರಿಗೆ ಬಂದು ನಿಂತಿತು. ನರಳುತ್ತಿದ್ದವನು ವಿಯೆನ್ನಾ ನಗರದಲ್ಲಿದ್ದ ಬೀಥೋವನ್.

ಬೀಥೋವನ್ನನನ್ನು ರಾಜಾಶ್ರಯದಲ್ಲಿದ್ದವನೆಂದು ಹಲವರು ತಿಳಿದಿದ್ದಾರೆ. ಇದು ಅರ್ಧ ಮಾತ್ರ ನಿಜ. ೧೮೦೯ರಲ್ಲಿ ಮೂವರು ಶ್ರೀಮಂತರು ಸೇರಿ ವರ್ಷಕ್ಕೆ ೪೦೦೦ ಫ್ಲಾರಿನ್ ಕೊಡುವುದಾಗಿ ಅವನಿಗೆ ಕರಾರು ಬರೆದುಕೊಟ್ಟರು. ವಿಯೆನ್ನಾ ಬಿಟ್ಟು ಹೋಗಕೂಡದೆಂಬುದೇ ಅದರ ಮುಖ್ಯ ಷರತ್ತು. ಎರಡು ವರ್ಷದೊಳಗೆ ಆಸ್ಟ್ರಿಯದ ಸರಕಾರವು ಯುದ್ಧದ ಭಾರದಿಂದ ಕುಸಿದು ಕಾಗದದ ನಾಣ್ಯದ ಬೆಲೆಯನ್ನು ಐದರಲ್ಲೊಂದು ಭಾಗಕ್ಕೆ ಇಳಿಸಿತು. ಮರುವರ್ಷವೇ ಆ ಮೂವರಲ್ಲೊಬ್ಬ ಕುದುರೆಯಿಂದ ಬಿದ್ದು ಸತ್ತನು; ಮತ್ತೊಬ್ಬ ಸಾಲದಲ್ಲಿ ಮುಳುಗಿದನು. ವ್ಯಾಜ್ಯ ರಾಜಿಗಳಾದ ಮೇಲೆ ಉಳಿದ ಹಣದಿಂದ ಅವನ ಜೀವನ ಸಾಗುವಂತಿರಲಿಲ್ಲ. ಕಿವುಡುತನದಿಂದ ಪಿಯಾನೊ ಕಚೇರಿಗಳ ಸಂಪಾದನೆಯೂ ನಿಂತುಹೋಗಿತ್ತು. ಉಳಿದುದು ಬರೆಯುವುದು, ಪ್ರಕಾಶಕರೊಡನೆ ಚೌಕಾಸಿ ಮಾಡುವುದು, ಮತ್ತೆ ಬರೆಯುವುದು. ಒಂಬತ್ತನೆಯ ಸಿಂಫನಿಯು ೧೮೨೪ರ ಮೇ ೭ರಂದು ವಿಯೆನ್ನಾದಲ್ಲಿ ಮೊದಲ ಬಾರಿ ಕೇಳಿಸಿದಾಗ ಜನರ ಕೈಚಪ್ಪಾಳೆಗೆ ಮಿತಿಯಿರಲಿಲ್ಲ. ಖರ್ಚು ಕಳೆದು ಅವನ ಕೈಗೆ ಬಂದುದು ಮಾತ್ರ ೪೨೦ ಫ್ಲಾರಿನ್. ಅದೇ ಕೃತಿಯ ಹಸ್ತಪ್ರತಿಗೆ ಲಂಡನ್ನಿನ ಫಿಲ್ಹಾರ್ಮೋನಿಕ್ ಸಂಘದವರು ೫೦ ಪೌಂಡು ಕೊಡುವುದೆಂದು ೧೮೨೨ರಲ್ಲಿಯೇ ನಿಶ್ಚಯಿಸಿದ್ದರು. ಲಂಡನ್ನಿನ ಮೇಲೆ ಅವನ ಕಣ್ಣು ನೆಟ್ಟುದಕ್ಕೆ ಇಂಥ ಕಾರಣಗಳಿದ್ದುವು.

೧೮೨೬ರ ಡಿಸೆಂಬರ್ ತಿಂಗಳಲ್ಲಿ ತಮ್ಮನ ಜಮೀನಿನಿಂದ ವಿಯೆನ್ನಾಕ್ಕೆ ಹಿಂದಿರುಗುವಾಗ ಚಳಿಯಲ್ಲಿ ತೆರೆದ ಗಾಡಿಯ ಪ್ರಯಾಣವಾಯಿತು. ಊರು ಸೇರುವಷ್ಟರಲ್ಲಿ ಜ್ವರ, ಪಕ್ಕೆಯಲ್ಲಿ ಶೂಲೆ. ಆ ಬಳಿಕ ಜಲೋದರ. ಹೊಟ್ಟೆಯಲ್ಲಿ ತುಂಬಿದ ನೀರನ್ನು ಶಸ್ತ್ರದಿಂದ ತೂತು ಮಾಡಿ ತೆಗೆಯಬೇಕಾಯಿತು. ಡಿಸೆಂಬರ್ ೨೦ರಂದು ಮೊದಲ ಸಲ. ಆಮೇಲೆ ಜನವರಿ ೮, ಫೆಬ್ರವರಿ ೨, ಫೆಬ್ರವರಿ ೨೭. ನೋವನ್ನು ಮರೆಸುವ ಔಷಧವು ಅಂದು ಇರಲಿಲ್ಲವೆಂಬುದನ್ನು ಈ ದಿನಾಂಕಗಳನ್ನು ಓದುವಾಗ ನಾವು ನೆನೆಯಬೇಕು. ಮೊದಲ ಸಲ ನೀರು ಚಿಮ್ಮಿದಾಗ ರೋಗಿಯು, ಬಂಡೆಯನ್ನು ಕೋಲಿನಿಂದ ಹೊಡೆದು ನೀರು ಬರಿಸಿದ ಮೋಸೆಸನಿಗೆ ಶಸ್ತ್ರವೈದ್ಯನನ್ನು ಹೋಲಿಸಿ ನಕ್ಕನಂತೆ. ನಾಲ್ಕನೆಯ ಸಲಕ್ಕೆ ಆ ನಗು ಉಳಿದಿರಲಿಲ್ಲ.

ಮೂರು ತಿಂಗಳ ರೋಗವೆಂದರೆ ಮೂರು ತಿಂಗಳ ವೈದ್ಯರು, ಶಸ್ತ್ರವೈದ್ಯ, ಔಷಧ, ಸೌದೆ, ಆಳುಕಾಳುಗಳ ಸಂಬಳ. ಒಂದು ಸಾಲು ಸಂಗೀತವನ್ನೂ ಬರೆದು ಮುಗಿಸುವಂತಿಲ್ಲ. ಆ ಚಳಿಗಾಲದಲ್ಲಿ ಲಂಡನ್ನಿನಿಂದ ಸ್ಟಂಫ್ ಎಂಬ ಹಾರ್ಪ್ ವಾದ್ಯಗಳ ತಯಾರಕನು, ಬೀಥೋವನ್ನನು ಎಲ್ಲರಿಗಿಂತ ಮೇಲೆಂದು ಗೌರವಿಸುತ್ತಿದ್ದ ಹ್ಯಾಂಡೆಲನ ಕೃತಿಗಳ ೪೦ ಸಂಪುಟಗಳನ್ನು ಕಾಣಿಕೆಯಾಗಿ ಕಳುಹಿಸಿದ್ದನು. ಸಂಗೀತಗಾರರ ನಿಧಿಯನ್ನು ಬೆಳೆಸಿದ ಹ್ಯಾಂಡೆಲನೇ ಹಾಸಿಗೆಯ ಬಳಿಗೆ ಪುಸ್ತಕರೂಪದಿಂದ ಬಂದಹಾಗಾಯಿತು. ಫೆಬ್ರವರಿ ೮ರಂದು ಸ್ಟಂಫನಿಗೆ ವಂದನೆ ಬರೆಯುತ್ತ ಬೀಥೋವನ್ ತನ್ನ ಕಷ್ಟವನ್ನೂ ತೋಡಿಕೊಂಡನು. ೨೨ರಂದು ಮೋಶೆಲೆಸ್ ಎಂಬ ಪಿಯಾನೊ ವಿದ್ವಾಂಸನಿಗೂ ಸರ್ ಜಾರ್ಜ್ ಸ್ಮಾರ್ಟನಿಗೂ ಕಾಗದ ಹೋಯಿತು. ಅವನು ಕೇಳಿದುದು ದಾನವನ್ನಲ್ಲ. ತನ್ನ ಸಹಾಯಾರ್ಥವಾಗಿ ಕಚೇರಿಯೊಂದನ್ನು ಏರ್ಪಡಿಸುವುದಾಗಿ ಫಿಲ್ಹಾರ್ಮೋನಿಕ್ ಸಂಘದವರು ಹಿಂದೆ ಹೇಳಿದ್ದರು. ಅದನ್ನು ಈಗ ನಡೆಸಿಕೊಡಲಾದೀತೆ ಎಂಬುದಿಷ್ಟೆ. ಕಚೇರಿ ಎಂದಮೇಲೆ ತನ್ನ ಸಂಗೀತವೇ ದುಡಿದುಕೊಡುವ ಹಣ.

ಸಂಘದವರು ಫೆಬ್ರವರಿ ೨೮ರಂದು ಸೇರಿದರು. ಕಚೇರಿಯೆಂದರೆ ಸಭಾಂಗಣ ಬೇಕು, ವಾದ್ಯಗಾರರು ಬೇಕು, ಚೀಟಿ ಮಾರಬೇಕು; ಅಷ್ಟರಲ್ಲಿ ರೋಗಿ ಉಳಿಯುವನೋ ಇಲ್ಲವೋ. ಆದಕಾರಣ ನೂರು ಪೌಂಡುಗಳನ್ನು ಕೂಡಲೆ ಕಳುಹಿಸಲು ಗೊತ್ತುಮಾಡಿದರು. ಅವರ ನಿರ್ಣಯದ ಮಾತು ಸ್ವಾರಸ್ಯವಾಗಿದೆ. ಸಂಘವು ತನ್ನ ಸದಸ್ಯರಿಗೇ ನೂರು ಪೌಂಡು ಸಾಲ ಕೊಡತಕ್ಕದ್ದು. ಅದನ್ನು ಮೋಶೆಲೆಸನ ಮೂಲಕ ವಿಯೆನ್ನಾದಲ್ಲಿರುವ ನಂಬಿಕಸ್ತ ಸ್ನೇಹಿತನೊಬ್ಬನಿಗೆ ಕಳುಹಿಸಿ, ಬೀಥೋವನ್ನನ ಕಾಯಿಲೆಯ ಅಗತ್ಯಗಳಿಗೂ ಸುಖಕ್ಕೂ ಬಳಸತಕ್ಕದ್ದು. ಒಳ್ಳೆಯ ಕೆಲಸಕ್ಕಾಗಿ ಲೆಕ್ಕಪತ್ರದ ಭಾಷೆಯನ್ನು ಹೀಗೆ ಬಗ್ಗಿಸಿದವರ ಜಾಣತನವನ್ನು ನಾವು ಮೆಚ್ಚುತ್ತೇವೆ. ನಮ್ಮ ಸಮಿತಿಗಳಲ್ಲಿ ನಿಯಮಾವಳಿಯನ್ನು ಇದಕ್ಕೆ ತದ್ವಿರುದ್ಧವಾಗಿ ಬಗ್ಗಿಸುವುದನ್ನೇ ಹೆಚ್ಚಾಗಿ ಕಾಣುತ್ತೇವಷ್ಟೆ.

ಹಣವು ಮಾರ್ಚಿ ತಿಂಗಳ ನಡುವೆ ವಿಯೆನ್ನಾ ಸೇರಿತು. ಅಲ್ಲಿನ ನಾಣ್ಯದಲ್ಲಿ ಒಂದು ಸಾವಿರ ಫ್ಲಾರಿನ್. ಅದನ್ನು ತಂದುಕೊಟ್ಟ ರೌ ಎಂಬಾತನು, ರೋಗಿಯ ಸಂತೋಷವನ್ನು ನೋಡಿ ಹೃದಯ ಕರಗಿತೆಂದು ಲಂಡನ್ನಿಗೆ ವರದಿ ಮಾಡಿದನು. ೧೮ನೆಯ ತಾರೀಖು ಬೀಥೋವನ್ ವಂದನೆಯ ಕಾಗದವನ್ನು ಹೇಳಿ ಬರೆಯಿಸಿದನು. ಆ ಕಾಗದದಲ್ಲಿ ಅವನು ಬರಿಯ ಕೃತಜ್ಞತೆಯನ್ನು ಹೇಳಿ ಮುಗಿಸಲಿಲ್ಲ. ತನ್ನ ಮೇಜಿನಲ್ಲಿ ಹೊಸ ಸಿಂಫನಿಯ ಕರಡು ಇದೆ. ಗುಣವಾದೊಡನೆ ಅದನ್ನೋ ಬೇರೊಂದನ್ನೋ ಸಂಘಕ್ಕೆ ಬರೆದುಕೊಡುವೆ ಎಂದು ವಾಗ್ದಾನ ಮಾಡಿದನು. ಒಂಬತ್ತನೆಯ ಸಿಂಫನಿಯನ್ನು ಎಷ್ಟು ವೇಗದಲ್ಲಿ ನುಡಿಸಬೇಕೆಂಬ ಗುರುತುಗಳನ್ನೂ ಅದರೊಡನೆ ಕಳುಹಿಸಿದನು. ಎದ್ದು ಕೂಡಲಾರದವನು ಸಾಲಕ್ಕೆ ಪ್ರತಿಯಾಗಿ ಕೆಲಸವನ್ನು ಒಪ್ಪಿಕೊಳ್ಳುತ್ತಿದ್ದಾನೆ! ಎಂಟು ದಿನಗಳ ಬಳಿಕ, ೧೮೨೭ರ ಮಾರ್ಚಿ ೨೬ರ ಸಂಜೆ, ಗುಡುಗು ಮಿಂಚುಗಳ ನಡುವೆ ಅವನ ಪ್ರಾಣ ಹೋಯಿತು. ವೈದ್ಯರ ಸಲಹೆಯಂತೆ ಮೈಂಜ್ ನಗರದ ಪ್ರಕಾಶಕರಿಂದ ತರಿಸಿದ್ದ ದ್ರಾಕ್ಷಾರಸವು ಎರಡು ದಿನ ಮೊದಲು ಮನೆಗೆ ಬಂದಿತ್ತು. ಸೀಸೆಗಳನ್ನು ನೋಡಿ, ತಡವಾಯಿತೆಂದು ಗೊಣಗಿದನಂತೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರಿಯ ಕರುಣಕಥೆಯಾಗುತ್ತಿತ್ತು. ಆದರೆ ಮರುದಿನ ಮನೆಯನ್ನು ಶೋಧಿಸಿದಾಗ ಬ್ಯಾಂಕಿನ ಏಳು ಷೇರುಗಳು ದೊರೆತುವು. ಬೆಲೆ ಸುಮಾರು ೭,೪೦೦ ಫ್ಲಾರಿನ್. ಲಂಡನ್ನಿನಿಂದ ಬಂದ ಹಣವೂ ಹೆಚ್ಚು ಕಡಮೆ ಇದ್ದಹಾಗೇ ಇತ್ತು. ತಮ್ಮ ಊರಿನ ಕೀರ್ತಿಪುರುಷನು ಪರದೇಶದ ಸಹಾಯ ಬೇಡಿದನಲ್ಲಾ ಎಂದು ವಿಯೆನ್ನಾದವರಿಗೆ ಆಗಲೇ ಅಸಮಾಧಾನವಾಗಿತ್ತು. ಈಗ, ಕೈಯಲ್ಲಿ ಹಣವಿಟ್ಟುಕೊಂಡೂ ಬಡತನದ ಸೋಗು ಹಾಕಿದನೆಂಬ ಮಾತು ಹುಟ್ಟಿತು. ಲಂಡನ್ನಿನ ಹಣವನ್ನು ವಾಪಸು ಪಡೆಯಬೇಕೆಂಬ ಪ್ರಸ್ತಾಪವೂ ನಡೆಯಿತು.

ಈ ಆಪಾದನೆಯನ್ನು ನಾವು ಒಪ್ಪುವುದಿಲ್ಲ. ಷೇರುಗಳ ಸಂಗತಿಯು ಗುಟ್ಟಾಗಿರಲಿಲ್ಲ. ಜನವರಿ ೩ರಂದೇ ತನ್ನ ವಕೀಲ ಬಾಕ್ ಎಂಬುವನಿಗೆ ಬರೆದ ಕಾಗದದಲ್ಲಿ ಅವನು ಆ ಏಳು ಷೇರುಗಳ ಹೆಸರೆತ್ತಿ, ತನ್ನ ಆಸ್ತಿಗೆ ತಮ್ಮನ ಮಗ ಕಾರ್ಲನೇ ಉತ್ತರಾಧಿಕಾರಿಯೆಂದು ಹೇಳಿದ್ದಾನೆ. ತಂದೆಯಿಲ್ಲದ ಆ ಹುಡುಗನನ್ನು ಸಾಕಿದ ದೊಡ್ಡಪ್ಪನ ಮನಸ್ಸಿನಲ್ಲಿ ಆ ಹಣವು ತನ್ನದೇ ಅಲ್ಲ. ನಮ್ಮ ಮನೆಗಳಲ್ಲಿ ಹಸಿದು ಮಲಗಿದರೂ ಮಗಳ ಮದುವೆಗೆಂದು ಇಟ್ಟ ಒಡವೆಯನ್ನು ಮುಟ್ಟದ ತಾಯಂದಿರಿಲ್ಲವೆ? ಅವರು ಸುಳ್ಳು ಬಡವರೆಂದು ಯಾರಾದರೂ ಹೇಳುತ್ತಾರೆಯೆ? ಇನ್ನೂ ಒಂದು ಸಂಗತಿಯುಂಟು. ರೋಗವು ಮೂರು ತಿಂಗಳಿಗೆ ಮುಗಿಯುವುದೋ ಮೂರು ವರ್ಷ ಎಳೆಯುವುದೋ ಎಂಬುದು ಹಾಸಿಗೆಯಲ್ಲಿದ್ದವನಿಗೆ ತಿಳಿಯದು. ಸತ್ತ ಮೇಲೆ ಪೆಟ್ಟಿಗೆ ತೆರೆದು ಲೆಕ್ಕ ಹಾಕುವವರಿಗೆ ತಿಳಿದಿರುತ್ತದೆ. ಸಂಬಳವಿಲ್ಲದವನಿಗೆ ಕೂಡಿಟ್ಟ ಹಣವೇ ವಿಶ್ರಾಂತಿ ವೇತನ. ಅದನ್ನು ಪೂರ್ತಿ ಕರಗಿಸಿ ಬಂದರೆ ಮಾತ್ರ ಸಹಾಯ ಮಾಡುತ್ತೇವೆ ಎನ್ನುವುದು ದಾನಿಯ ಮಾತಲ್ಲ, ಜಫ್ತಿ ಅಮೀನನ ಮಾತು. ಲಂಡನ್ನಿನ ಸಂಘದವರು ಕೊನೆಗೆ ಹಟ ಹಿಡಿಯಲಿಲ್ಲ. ಹಣವು ಬೀಥೋವನ್ನನ ಆಸ್ತಿಯೊಡನೆಯೇ ಉಳಿಯಿತು.

ಇನ್ನು ನೂರು ವರ್ಷಗಳನ್ನು ದಾಟಿ ಅಮೆರಿಕಕ್ಕೆ ಹೋಗೋಣ. ಹಂಗೆರಿಯ ಬೇಲಾ ಬಾರ್ಟೋಕನು ಹಳ್ಳಿಹಳ್ಳಿಗಳನ್ನು ತಿರುಗಿ ರೈತರ ಸಾವಿರಾರು ಹಾಡುಗಳನ್ನು ಸಂಗ್ರಹಿಸಿದವನು. ೧೯೪೦ರಲ್ಲಿ, ಯುದ್ಧಕ್ಕೂ ನಾಟ್ಸಿಗಳ ಪ್ರಾಬಲ್ಯಕ್ಕೂ ಹೇಸಿ, ತಾಯ್ನಾಡನ್ನು ತೊರೆದು ನ್ಯೂಯಾರ್ಕಿಗೆ ಬಂದನು. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ದೊರೆತ ಸಂಶೋಧನೆಯ ಕೆಲಸವು ೧೯೪೨ರ ಕೊನೆಗೆ ಮುಗಿಯಿತು. ೧೯೪೩ರ ಫೆಬ್ರವರಿಯಲ್ಲಿ ಹಾರ್ವರ್ಡಿನಲ್ಲಿ ಉಪನ್ಯಾಸಮಾಲೆಯೊಂದನ್ನು ಪ್ರಾರಂಭಿಸಿ ನಡುವೆಯೇ ಕುಸಿದನು. ದೇಹದ ತೂಕ ನಲವತ್ತು ಕಿಲೋಗ್ರಾಮಿಗೂ ಕಡಮೆಗೆ ಇಳಿದಿತ್ತು. ರಕ್ತದ ಅರ್ಬುದವೆಂದು ಆಮೇಲೆ ತಿಳಿಯಿತು. ಅದನ್ನು ಅವನಿಗೆ ಹೇಳಲಿಲ್ಲ. ಅವನು ಅನ್ನವಿಲ್ಲದೆ ಸತ್ತನೆಂಬ ಕಥೆ ಉತ್ಪ್ರೇಕ್ಷೆ. ಆದರೆ ಅಮೆರಿಕದ ಆಸ್ಪತ್ರೆಯ ಖರ್ಚನ್ನು ತೆರುವ ಶಕ್ತಿ ಅವನಿಗಿರಲಿಲ್ಲವೆಂಬುದು ನಿಜ.

ಆ ಖರ್ಚನ್ನು ಹೊತ್ತದ್ದು ಅಮೆರಿಕದ ಸಂಗೀತ ರಚಕರ, ಗೀತಕಾರರ ಮತ್ತು ಪ್ರಕಾಶಕರ ಸಂಘ. ಬಾರ್ಟೋಕನು ಅದರ ಸದಸ್ಯನೇ ಅಲ್ಲ. ಕಾಫಿ ಅಂಗಡಿಯ ಗೆಳೆಯರ ಏರ್ಪಾಟು ಇಲ್ಲಿ ಒಂದು ಹೆಜ್ಜೆ ಮುಂದೆ ಬಂದಿದೆ. ಚಂದಾ ಕೊಟ್ಟವನಿಗೆ ಮಾತ್ರವಲ್ಲ, ಅದೇ ಕಸಬಿನ ಪರದೇಶಿಗೂ ನಿಧಿಯ ಬಾಗಿಲು ತೆರೆಯಿತು. ವೈದ್ಯರಿಗೂ ಆಸ್ಪತ್ರೆಗೂ ಸರನಾಕ್ ಸರೋವರದ ಬಳಿಯ ವಿಶ್ರಾಂತಿಗೂ ಹಣ ಒದಗಿತು.

ಔಷಧದ ಹಣ ಹೀಗೆ ಬಂತು. ಆದರೆ ಬಾರ್ಟೋಕನು ಹೊಸದೇನನ್ನೂ ಬರೆಯದೆ ಕೆಲವು ವರ್ಷಗಳಾಗಿದ್ದುವು. ಸ್ವದೇಶದ ಗೆಳೆಯರಾದ ಪಿಟೀಲು ವಿದ್ವಾಂಸ ಸಿಗೆಟಿಯೂ ವಾದ್ಯವೃಂದದ ನಾಯಕ ರೈನರನೂ ಅವನಿಗೆ ತಿಳಿಯದಂತೆ ಬಾಸ್ಟನ್ನಿನ ಕುಸೆವಿಟ್ಸ್ಕಿಯನ್ನು ಕಂಡರು. ಕೆಲವು ವಾರಗಳಲ್ಲಿ ಕುಸೆವಿಟ್ಸ್ಕಿಯೇ ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಬಂದು ಕುಳಿತು, ತನ್ನ ತೀರಿಹೋದ ಹೆಂಡತಿಯ ಸ್ಮರಣಾರ್ಥವಾಗಿ ವಾದ್ಯವೃಂದಕ್ಕೊಂದು ಕೃತಿ ಬೇಕೆಂದು ಕೇಳಿದನು. ಪ್ರತಿಫಲ ಒಂದು ಸಾವಿರ ಡಾಲರು, ಅರ್ಧ ಈಗಲೇ. ಬರೆದು ಮುಗಿಸುವೆನೋ ಇಲ್ಲವೋ, ಮುಂಗಡ ಹೇಗೆ ಮುಟ್ಟಲಿ ಎಂದು ರೋಗಿಯು ಹಿಂಜರಿದನು. ಬಂದವನು ಚೆಕ್ಕನ್ನು ಅಲ್ಲಿಯೇ ಬಿಟ್ಟು ಹೋದನು. ಈ ಏರ್ಪಾಟಿನ ಹಿಂದೆ ಗೆಳೆಯರ ಕೈಯಿದೆಯೆಂದು ಗೊತ್ತಾಗಿದ್ದರೆ ಬಾರ್ಟೋಕನು ಅದನ್ನು ಒಪ್ಪುತ್ತಿದ್ದನೆಂದು ನಮಗೆ ತೋರುವುದಿಲ್ಲ.

ಆಗಸ್ಟ್ ತಿಂಗಳಲ್ಲಿ ಹಿಡಿದ ಕೆಲಸ ಅಕ್ಟೋಬರ್ ೮ಕ್ಕೆ ಮುಗಿಯಿತು. ಅದೇ ವಾದ್ಯವೃಂದಕ್ಕಾಗಿ ರಚಿತವಾದ ‘ಕಾನ್ಚೆರ್ಟೊ’; ೧೯೪೪ರ ಡಿಸೆಂಬರ್ ೧ರಂದು ಬಾಸ್ಟನ್ನಿನಲ್ಲಿ ಮೊದಲು ಕೇಳಿಸಿತು. ರೋಗವು ವಾಸಿಯಾಗಲಿಲ್ಲ. ೧೯೪೫ರ ಸೆಪ್ಟೆಂಬರ್ ೨೬ರಂದು ಬಾರ್ಟೋಕ್ ಸತ್ತಾಗ, ಹೆಂಡತಿ ನುಡಿಸಿ ಜೀವಿಸಲೆಂದು ಬರೆಯುತ್ತಿದ್ದ ಪಿಯಾನೊ ಕೃತಿಯ ಕೊನೆಯ ಹದಿನೇಳು ಗತಿಖಂಡಗಳು ಮಾತ್ರ ಉಳಿದಿದ್ದುವು. ಅವನ್ನು ಸ್ನೇಹಿತನೊಬ್ಬ ಪೂರೈಸಿದನು.

ಈಗ ಮೈಸೂರಿನ ಸಂಗತಿ. ರಷ್ಯದ ನಿಕೊಲಾಯ್ ಮೆಟ್ನರನು ೧೮೮೦ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಕ್ರಾಂತಿಯ ತರುವಾಯ ೧೯೨೧ರಲ್ಲಿ ದೇಶ ಬಿಟ್ಟು, ಬರ್ಲಿನ್ನು ಪ್ಯಾರಿಸ್ಸುಗಳಲ್ಲಿ ನೆಲೆ ಕಾಣದೆ, ೧೯೩೫ರಲ್ಲಿ ಲಂಡನ್ನಿಗೆ ಬಂದನು. ಕಾಲದ ರುಚಿ ಬೇರೆ ಕಡೆಗೆ ತಿರುಗಿತ್ತು. ಅವನ ಸಂಗೀತವು ಹಳೆಯ ಮಾದರಿಯದೆಂದು ಬಹುಮಂದಿ ಕಡೆಗಣಿಸಿದರು. ಮನೆಪಾಠ, ಅಲ್ಲೊಂದು ಇಲ್ಲೊಂದು ಕಚೇರಿ, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಷ್ಟಿಷ್ಟು ಹಣ: ಇವೇ ಜೀವನೋಪಾಯ. ಯುದ್ಧವು ಬಂದೊಡನೆ ಜರ್ಮನಿಯ ಹಣ ನಿಂತಿತು. ಎಡ್ನಾ ಐಲ್ಸ್ ಎಂಬ ಪಿಯಾನೊ ವಾದಕಿಯ ಮನೆಯವರು ದಂಪತಿಗಳನ್ನು ವಾರಿಕ್‌ಷೈರಿನಲ್ಲಿ ತಮ್ಮೊಡನೆ ಇರಿಸಿಕೊಂಡರು. ೧೯೪೨ರಲ್ಲಿ ಅವನಿಗೆ ಹೃದಯಾಘಾತವಾಯಿತು. ಆಶ್ರಯ ಕೊಟ್ಟ ಆ ಸಂಸಾರದ ಔದಾರ್ಯವೇ ಒಂದು ಪ್ರತ್ಯೇಕ ಉಪನ್ಯಾಸಕ್ಕೆ ತಕ್ಕ ವಿಷಯ. ಚೇತರಿಸಿಕೊಂಡು ಅಲ್ಲಿಯೇ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮುಗಿಸಿ, ೧೯೪೪ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದನು. ಆದರೆ ಊರೂರು ತಿರುಗಿ ಕಚೇರಿ ಮಾಡುವ ಶಕ್ತಿ ಇನ್ನಿರಲಿಲ್ಲ.

ಆಗ ಮೈಸೂರಿನ ಗದ್ದುಗೆಯಲ್ಲಿದ್ದವರು ಶ್ರೀ ಜಯಚಾಮರಾಜ ಒಡೆಯರವರು. ಸಂಸ್ಥಾನದ ಕೊನೆಯ ಮಹಾರಾಜರು. ಶ್ರೀವಿದ್ಯಾ ಅಂಕಿತದ ಅವರ ಕೃತಿಗಳನ್ನು ಕೇಳುಗರು ಬಲ್ಲರು. ಪಾಶ್ಚಾತ್ಯ ಪಿಯಾನೊ ವಾದನದಲ್ಲಿಯೂ ಅವರು ಲಂಡನ್ನಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ತಾವು ಮೆಚ್ಚಿದ ಮೆಟ್ನರನ ಸಂಗೀತವು ಎಲ್ಲಿಯೂ ಕೇಳಸಿಗದಿರುವುದನ್ನು ಕಂಡು, ೧೯೪೬ರಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸಂಘವನ್ನು ತಮ್ಮ ಹಣದಿಂದ ಸ್ಥಾಪಿಸಿದರು. ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಡುವುದು ಸಂಘದ ಉದ್ದೇಶ. ನಾಯಿಯ ಗುರುತಿನ ಕಂಪೆನಿಯವರು ಕೆಲಸಕ್ಕೆ ತೊಡಗಿದರು. ೧೯೪೭ರಲ್ಲಿ ಮೂರು ಕಾನ್ಚೆರ್ಟೊಗಳೂ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಮುದ್ರಣಗೊಂಡುವು.

ಮಹಾರಾಜರು ಔಷಧದ ಚೀಟಿಗೆ ಹಣ ಕೊಟ್ಟರೆಂದು ನಾವು ಹೇಳುತ್ತಿಲ್ಲ. ಅವರು ಮಾಡಿದುದು ಬೇರೆ. ಹೃದ್ರೋಗಿಯಾದ, ಅರವತ್ತೈದು ದಾಟಿದ, ರೈಲು ಹತ್ತಿ ಕಚೇರಿಗೆ ಹೋಗಲಾರದ ಮುದುಕನಿಗೆ, ಒಂದು ಕೋಣೆಯಲ್ಲಿ ಕುಳಿತು ಮಾಡಬಹುದಾದ ಕೆಲಸವನ್ನು ಒದಗಿಸಿದರು. ಆಯಾಸವಾದ ದಿನ ನಿಲ್ಲಿಸಿ ಮತ್ತೊಂದು ದಿನ ಮುಂದುವರಿಸಬಹುದಾದ ಕೆಲಸ. ಅದಕ್ಕೆ ತಕ್ಕ ಪ್ರತಿಫಲ. ಅವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿರಲಿಲ್ಲ. ಬೀಥೋವನ್ನನು ಲಂಡನ್ನಿನವರಿಂದ ಕೇಳಿದ್ದ ಕಚೇರಿಯೂ ಇಂಥದೇ ಅಲ್ಲವೆ? ವ್ಯತ್ಯಾಸವಿಷ್ಟೆ: ಅಲ್ಲಿ ಹಣವು ಕೆಲವೇ ದಿನ ಮುಂಚೆ ಬಂತು, ಇಲ್ಲಿ ಐದು ವರ್ಷ ಮುಂಚೆ. ಸಂಸ್ಥಾನದ ಹಣವು ಪರದೇಶದ ಸಂಗೀತಕ್ಕೆ ಏಕೆ ಹೋಗಬೇಕಿತ್ತೆಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ವೀಣೆ ಶೇಷಣ್ಣನವರಂಥವರನ್ನು ಪೋಷಿಸಿದ ಅರಮನೆಗೆ ಗಡಿಯಾಚೆಯ ವಿದ್ವಾಂಸನು ಪರಕೀಯನಾಗಿ ಕಾಣಲಿಲ್ಲವೆಂಬುದರಲ್ಲಿ ನಮಗೆ ಕುಂದೇನೂ ತೋರದು.

ಕೆಲಸವು ರೋಗಿಯ ಶಕ್ತಿಗೆ ತಕ್ಕಂತೆ ನಿಧಾನವಾಗಿ ನಡೆಯಿತು. ಸಂಘದ ಹೆಸರಿನಲ್ಲಿ ತಟ್ಟೆಗಳ ಮೂರು ಸಂಪುಟಗಳು ಹೊರಬಂದುವು. ೧೯೫೦ರಲ್ಲಿ ಎಲಿಸಬೆತ್ ಷ್ವಾರ್ಟ್ಸ್‌ಕಾಫ್ ಎಂಬ ಗಾಯಕಿಯು ಅವನ ಹಾಡುಗಳನ್ನು ಹಾಡಿದಾಗ ಪಿಯಾನೊದ ಮುಂದೆ ಅವನೇ ಕುಳಿತಿದ್ದನು. ಮರುವರ್ಷ ನವೆಂಬರ್ ೧೩ರಂದು ಲಂಡನ್ನಿನಲ್ಲಿ ತೀರಿಕೊಂಡನು. ವಾರಿಕ್‌ಷೈರಿನ ಪರರ ಮನೆಯಲ್ಲಿ, ಹೃದಯಾಘಾತದಿಂದ ಎದ್ದು ಬರೆದು ಮುಗಿಸಿದ ಆ ಮೂರನೆಯ ಕಾನ್ಚೆರ್ಟೊವನ್ನು ಅವನು ಅರ್ಪಿಸಿರುವುದು ಮೈಸೂರಿನ ಮಹಾರಾಜರಿಗೆ.